ಗಾಯಗೊಂಡ ಹೇಂಟೆ ಮತ್ತು ಮನೆಯವರ ಹೊಣೆ

ಹಝ್ರತ್ ಅಬ್ದುಲ್ಲಾ ಇಬ್ನು ಉಮರ್(ರ) ಒಮ್ಮೆ ಯಹ್ಯಾ ಬಿನ್ ಸಈದ್‌ರ ಮನೆಗೆ ಹೋಗಿದ್ದರು. ಆ ಮನೆಯ ಹುಡುಗನೊಬ್ಬ ಕೋಳಿಯೊಂದನ್ನು ಕಟ್ಟಿಹಾಕಿ ಅದಕ್ಕೆ ಗುರಿಯಿಟ್ಟು ಆಡುತ್ತಿದ್ದನು. ಇಬ್ನು ಉಮರ್(ರ) ಮೊದಲು ಹುಡುಗನನ್ನು ಗದರಿಸಲು ನಿಲ್ಲಲಿಲ್ಲ. ನೇರವಾಗಿ ಕೋಳಿಯ ಬಳಿಗೆ ನಡೆದು ಅದರ ಕಟ್ಟು ಬಿಚ್ಚಿದರು. ಬಳಿಕ ಕೋಳಿಯನ್ನೂ ಹುಡುಗನನ್ನೂ ಮನೆಯವರ ಮುಂದೆ ತಂದು, ಪ್ರಾಣಿ ಪಕ್ಷಿಗಳನ್ನು ಕಟ್ಟಿಹಾಕಿ ಕೊಲ್ಲುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿರುವುದನ್ನು ತಿಳಿಸಿ, ನಿಮ್ಮ ಮಕ್ಕಳನ್ನು ಇದರಿಂದ ತಡೆಯಿರಿ ಎಂದು ಎಚ್ಚರಿಸಿದರು. ಹಝ್ರತ್ ಅನಸ್(ರ) ಕೂಡಾ ಇಂತಹದೇ ದೃಶ್ಯವನ್ನು ಕಂಡು ಇದೇ ಮಾತನ್ನು ಹೇಳಿದ್ದರು. ಈ ಎರಡೂ ವರದಿಗಳು ಸಹೀಹುಲ್ ಬುಖಾರಿಯಲ್ಲಿವೆ. ಎರಡರಲ್ಲೂ ಇರುವ ಜೀವಿ ಒಂಟೆಯಲ್ಲ, ಕುದುರೆಯಲ್ಲ. ನಮ್ಮ ಹಿತ್ತಿಲಲ್ಲಿ ಕೆದರುತ್ತಾ ತಿರುಗುವ ಸಾಮಾನ್ಯ ಕೋಳಿ.

ಕೋಳಿಯನ್ನು ಹೇಗೆ ಝಬಹ್ ಮಾಡಬೇಕೆಂಬುದು ನಮ್ಮ ಮನೆಗಳಲ್ಲಿ ಚಿಕ್ಕ ಹುಡುಗನಿಗೂ ಗೊತ್ತು. ಆದರೆ ಗಾಯಗೊಂಡು ಬದುಕಿರುವ ಕೋಳಿಯನ್ನು ಏನು ಮಾಡಬೇಕು? ಈ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಳ್ಳುವುದಿಲ್ಲ. ಮುಂಗುಸಿ ಹಿಡಿದು ಬಿಟ್ಟ ಹೇಂಟೆ, ಬೀದಿನಾಯಿಯ ಬಾಯಿಂದ ಬಿಡಿಸಿಕೊಂಡ ಹೇಂಟೆ, ಬೈಕಿನ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ಹೇಂಟೆ. 'ಉಳಿದರೆ ಉಳಿಯಲಿ, ಇಲ್ಲದಿದ್ದರೆ ನಾಳೆ ಕೊಯ್ದರಾಯಿತು' ಎಂದು ಕುಕ್ಕೆಯಡಿಗೆ ಹಾಕಿ ಮಲಗುತ್ತೇವೆ. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯೊಬ್ಬಳು ನರಕದ ಶಿಕ್ಷೆಗೆ ಗುರಿಯಾದಳೆಂಬ ಹದೀಸನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಕುಕ್ಕೆಯಡಿಯ ಕೋಳಿಗೂ ಆ ಬೆಕ್ಕಿಗೂ ಏನು ವ್ಯತ್ಯಾಸವೆಂದು ಸ್ವಲ್ಪ ಯೋಚಿಸಿ.

ಆದ್ದರಿಂದ ಈ ಸಲ ಹಿತ್ತಿಲ ಕೋಳಿ ಸಾಕುವ ಸಹೋದರಿಯರೊಂದಿಗೆ, ಅವರ ಮನೆಯ ಗಂಡಸರೊಂದಿಗೆ ಈ ವಿಷಯವನ್ನೇ ಮಾತನಾಡೋಣ.

ಮೊದಲು ಒಂದು ವಿಷಯ ತಿಳಿದಿರಲಿ. ಕೋಳಿಯು ಬೇಟೆಗೆ ಈಡಾಗುವ ಜೀವಿ. ದುರ್ಬಲವಾಗಿ ಕಂಡರೆ ಹದ್ದೂ ಬಿಡದು, ಸ್ವಂತ ಗುಂಪಿನ ಕೋಳಿಗಳೂ ಬಿಡವು. ಆದ್ದರಿಂದ ನೋವನ್ನು ಬಚ್ಚಿಡುವ ಸ್ವಭಾವವನ್ನು ಅಲ್ಲಾಹನು ಅದಕ್ಕೆ ನೀಡಿದ್ದಾನೆ. ರೆಕ್ಕೆಯಡಿಯಲ್ಲಿ ದೊಡ್ಡ ಗಾಯವಿದ್ದರೂ ನುಚ್ಚು ಚೆಲ್ಲಿದಾಗ ಓಡಿ ಬಂದು ಕುಕ್ಕುವಂತೆ ನಟಿಸುವ ಹೇಂಟೆಗಳಿವೆ. 'ತಿನ್ನುತ್ತಿದೆ, ಏನೂ ಆಗಿಲ್ಲ' ಎಂದು ನಾವು ಸಮಾಧಾನ ಪಡುತ್ತೇವೆ. ಅದು ನಿಜವಾಗಿ ತಿಂದಿದೆಯೇ ಎಂದು ತಿಳಿಯಲು ಸಂಜೆ ಗೂಡು ಸೇರುವ ಹೊತ್ತಿಗೆ ಕತ್ತಿನ ಬುಡದ ಬಲಭಾಗದಲ್ಲಿರುವ ಮೇವಿನ ಚೀಲವನ್ನು ಮುಟ್ಟಿ ನೋಡಬೇಕು. ಸಂಜೆ ಅದು ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಸಂಜೆಯೂ ಖಾಲಿಯಿದ್ದರೆ ಕೋಳಿ ತಿಂದಿಲ್ಲ. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ತಿಂದದ್ದು ಕೆಳಗಿಳಿದಿಲ್ಲ.

ಆಕ್ರಮಣವಾದ ಮೊದಲ ಗಂಟೆಯಲ್ಲಿ ಕೋಳಿಯನ್ನು ಕೊಲ್ಲುವುದು ಅನೇಕ ವೇಳೆ ಗಾಯವಲ್ಲ, ಆಘಾತ. ಅದರ ಮೈ ತಣ್ಣಗಾಗುತ್ತದೆ, ಕಣ್ಣು ಅರೆಮುಚ್ಚುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ. ಕೋಳಿಯ ಸಹಜ ದೇಹೋಷ್ಣ ನಮ್ಮದಕ್ಕಿಂತ ಹೆಚ್ಚು, ಸುಮಾರು 41 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ನಮ್ಮ ಕೈಗೆ ಅದರ ಕಾಲು ತಣ್ಣಗೆ ತಾಗಿದರೆ ಅದು ಗಂಭೀರ ಸ್ಥಿತಿಯೆಂದೇ ತಿಳಿಯಬೇಕು. ಆಗ ಬೇಕಾದುದು ಮೂರೇ: ಬಿಸುಪು, ಕತ್ತಲೆ, ನಿಶ್ಶಬ್ದ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ, ಗಾಳಿಯಾಡುವಂತೆ ತೂತು ಮಾಡಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಬಿಸಿನೀರು ತುಂಬಿದ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ನೆರೆಹೊರೆಯ ಮಕ್ಕಳೆಲ್ಲ ಬಂದು ಇಣುಕಿ ನೋಡುವುದನ್ನು ತಡೆಯಿರಿ. ಕೈಯಲ್ಲಿ ಹಿಡಿದಾಗ ಅದು ಮಿಸುಕದೆ ಬಿದ್ದುಕೊಂಡರೆ 'ಪಾಪ, ಸಮಾಧಾನವಾಗಿದೆ' ಎಂದು ಭಾವಿಸಬೇಡಿ. ಅದು ಅತಿಯಾದ ಭಯದಿಂದ ಮರಗಟ್ಟಿದ ಸ್ಥಿತಿ.

ಇಲ್ಲಿ ನಮ್ಮವರು ಮಾಡುವ ಎರಡು ತಪ್ಪುಗಳಿವೆ. ಒಂದು, ಕೊಕ್ಕು ತೆರೆದು ನೀರು ಸುರಿಯುವುದು. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ. ಸುರಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಕೊಕ್ಕಿನ ಅಂಚಿಗೆ ಹನಿಹನಿಯಾಗಿ ತಾಗಿಸಿದರೆ ಅದು ತಾನೇ ನುಂಗುತ್ತದೆ. ಇನ್ನೊಂದು, ಒದ್ದಾಡದಿರಲೆಂದು ಎದೆಯನ್ನು ಬಿಗಿಯಾಗಿ ಅಮುಕಿ ಹಿಡಿಯುವುದು. ಮನುಷ್ಯನಿಗಿರುವಂತಹ ವಪೆ ಪಕ್ಷಿಗಳಿಗಿಲ್ಲ. ಎದೆಗೂಡು ಮೇಲೆ ಕೆಳಗೆ ಚಲಿಸಿದರೆ ಮಾತ್ರ ಅವುಗಳ ಉಸಿರಾಟ ನಡೆಯುತ್ತದೆ. ಎದೆಯನ್ನು ಅಮುಕಿದರೆ ಉಸಿರೇ ನಿಂತು ಹೋಗುತ್ತದೆ. ಗಾಯಕ್ಕೆ ಮದ್ದು ಹಚ್ಚುತ್ತಿರುವಾಗ ಕೈಯಲ್ಲೇ ಸತ್ತ ಕೋಳಿಗಳಲ್ಲಿ ಕೆಲವಾದರೂ ಹೀಗೆ ಸತ್ತಿರುತ್ತವೆ.

ಕೋಳಿ ಸ್ವಲ್ಪ ಚೇತರಿಸಿ ಕಣ್ಣು ತೆರೆದ ಬಳಿಕ ಗಾಯವನ್ನು ನೋಡಿ. ರಕ್ತ ಹರಿಯುತ್ತಿದ್ದರೆ ಮಾತ್ರ ಕಾಯದೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟಸ ಚಮಚ ಉಪ್ಪು ಸಾಕು. ಪೊವಿಡೋನ್ ಅಯೋಡಿನ್ ದ್ರಾವಣವಿದ್ದರೆ ಅದನ್ನು ಹಾಲು ಹಾಕದ ಚಹಾದ ಬಣ್ಣ ಬರುವಷ್ಟು ತೆಳುಗೊಳಿಸಿ ಬಳಸಬಹುದು. ಸೀಮೆಎಣ್ಣೆ, ಮೆಣಸಿನ ಪುಡಿ, ಬಿಸಿ ಬೂದಿ, ಕಾದ ಸೌಟಿನಿಂದ ಬರೆ ಹಾಕುವುದು ಇವೆಲ್ಲ ನಮ್ಮಲ್ಲಿ ಇನ್ನೂ ಇವೆ. ಇವುಗಳಿಂದ ಗಾಯದ ಸುತ್ತಲಿನ ಜೀವಂತ ಮಾಂಸವೂ ಸಾಯುತ್ತದೆ, ಗುಣವಾಗುವುದು ತಡವಾಗುತ್ತದೆ. ಮೂಕ ಪ್ರಾಣಿಗೆ ವ್ಯರ್ಥವಾಗಿ ನೋವು ಕೊಟ್ಟ ಹೊಣೆ ಬೇರೆ.

ಗಾಯದ ಸುತ್ತಲಿನ ಪುಕ್ಕಗಳನ್ನು ಕತ್ತರಿಸಿ ತೆಗೆದರೆ ಮಾತ್ರ ಗಾಯದ ನಿಜವಾದ ಅಳತೆ ಕಾಣುತ್ತದೆ. ನಾಯಿ, ಬೆಕ್ಕು, ಮುಂಗುಸಿಗಳ ಹಲ್ಲು ಸೂಜಿಯಂತೆ ಒಳಹೋಗುತ್ತವೆ. ಹೊರಗೆ ಎರಡು ಚುಕ್ಕೆಗಳಷ್ಟೇ ಕಂಡರೂ ಒಳಗೆ ಬಾಯಿಯ ಕ್ರಿಮಿಗಳೆಲ್ಲ ಸೇರಿರುತ್ತವೆ. ಬೆಕ್ಕಿನ ಕಡಿತವಂತೂ ಪಕ್ಷಿಗಳಿಗೆ ಬಹಳ ಅಪಾಯಕಾರಿ. ಕಡಿತವೆಂದು ಖಚಿತವಾದರೆ ಮರುದಿನವೇ ಪಶುವೈದ್ಯರ ಬಳಿಗೆ ಕೊಂಡೊಯ್ಯಿರಿ. 'ಒಂದು ಕೋಳಿಗಾಗಿ ಡಾಕ್ಟರರೇ?' ಎಂದು ನಗುವವರು ಇರುತ್ತಾರೆ. ನಗಲಿ ಬಿಡಿ.

ಇನ್ನು ಹೆದರಿಸುವ, ಆದರೆ ಹೆದರಬೇಕಾಗಿಲ್ಲದ ಬದಲಾವಣೆಗಳು. ಪೆಟ್ಟು ಬಿದ್ದ ಒಂದೆರಡು ದಿನಗಳಲ್ಲಿ ಕೋಳಿಯ ಚರ್ಮ ಹಸಿರು ಬಣ್ಣಕ್ಕೆ ತಿರುಗುತ್ತದೆ. ಮನೆಯವರು ಗಾಬರಿಯಾಗಿ 'ಕೊಳೆಯಿತು, ವಿಷವೇರಿತು' ಎಂದು ಕೋಳಿಯನ್ನು ಎಸೆದು ಬಿಡುವುದುಂಟು. ಮನುಷ್ಯನಿಗೆ ಪೆಟ್ಟಾದಾಗ ಹೆಪ್ಪುಗಟ್ಟಿದ ರಕ್ತ ಕರಗುತ್ತಾ ನೀಲಿ, ಹಸಿರು, ಕೊನೆಗೆ ಹಳದಿಯಾಗುತ್ತದೆ. ಹಸಿರನ್ನು ಹಳದಿಯಾಗಿ ಬದಲಿಸುವ ಕಿಣ್ವ ಕೋಳಿಯ ದೇಹದಲ್ಲಿ ಇಲ್ಲ. ಆದ್ದರಿಂದ ಅದರ ಜಜ್ಜುಗಾಯ ಹಸಿರಿನಲ್ಲೇ ನಿಂತು, ಸುಮಾರು ಒಂದು ವಾರದಲ್ಲಿ ಮಾಸುತ್ತದೆ. ಹಸಿರಾಗಿರುವುದು ರಕ್ತ ಕರಗುತ್ತಿರುವ ಲಕ್ಷಣ. ಕೊಳೆತದ್ದಾದರೆ ದುರ್ವಾಸನೆ ಬರುತ್ತದೆ, ಚರ್ಮ ಕಪ್ಪಾಗಿ ತಣ್ಣಗಾಗುತ್ತದೆ, ಒದ್ದೆಯಾಗಿ ಜಾರುತ್ತದೆ. ಮೂಗೇ ಇಲ್ಲಿ ಒಳ್ಳೆಯ ವೈದ್ಯ.

ಹಾಗೆಯೇ ಕಡಿತದ ಬಳಿಕ ಕುತ್ತಿಗೆ ಅಥವಾ ಬೆನ್ನಿನ ಚರ್ಮ ಬಲೂನಿನಂತೆ ಉಬ್ಬಬಹುದು. ಪಕ್ಷಿಗಳ ದೇಹದೊಳಗೆ ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳಿವೆ. ಅವುಗಳಲ್ಲೊಂದು ಹರಿದರೆ ಗಾಳಿ ಚರ್ಮದಡಿಗೆ ಸೇರುತ್ತದೆ. ಚಿಕ್ಕದಾದರೆ ತಾನೇ ಇಳಿಯುತ್ತದೆ. ದೊಡ್ಡದಾಗಿ ಉಸಿರಾಟಕ್ಕೆ ತೊಂದರೆಯಾದರೆ ವೈದ್ಯರು ಶುದ್ಧ ಸೂಜಿಯಿಂದ ಗಾಳಿ ತೆಗೆಯುತ್ತಾರೆ. ಕೀವಿನ ವಿಷಯದಲ್ಲೂ ವ್ಯತ್ಯಾಸವಿದೆ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಪನೀರಿನಂತೆ ಗಟ್ಟಿಯಾಗಿ ಒಳಗೇ ಕೂರುತ್ತದೆ. ಹಿಂಡಿದರೆ ಬರುವುದಿಲ್ಲ. ಅಂಗಾಲಿನಲ್ಲಿ ಕಪ್ಪು ಹೆಪ್ಪಿರುವ ಗಂಟು ಕಂಡರೆ ಒಳಗೆ ಇಂತಹ ಕೀವಿದೆಯೆಂದು ತಿಳಿಯಿರಿ. ಗಿರಿರಾಜದಂತಹ ತೂಕದ ತಳಿಗಳು ಎತ್ತರದಿಂದ ಹಾರಿ ಇಳಿಯುವಾಗ ಅಂಗಾಲು ಒಡೆದು ಈ ಗಂಟು ಆಗುವುದು ಹೆಚ್ಚು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಿತ್ತಿಲ ಸಾಕಣೆಗೆಂದೇ ಬೆಳೆಸಿದ ಈ ತಳಿಯು ನಮ್ಮ ಎಷ್ಟೋ ಮನೆಗಳಲ್ಲಿದೆ. ಅವುಗಳಿಗೆ ಕೂರುವ ಕೋಲನ್ನು ತಗ್ಗಿನಲ್ಲೇ ಕಟ್ಟಿ.

ನಿಜವಾಗಿ ಹೆದರಬೇಕಾದುದು ನೊಣಕ್ಕೆ. ಸೆಕೆಯ ದಿನಗಳಲ್ಲಿ ನೊಣ ಗಾಯದ ಮೇಲೆ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ. ಪುಕ್ಕದ ಮರೆಯಲ್ಲಿರುವುದರಿಂದ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಪುಕ್ಕ ಸರಿಸಿ ನೋಡಲೇಬೇಕು. ಗಾಯದ ಸುತ್ತ ತೆಳುವಾಗಿ ಬೇವಿನ ಎಣ್ಣೆ ಸವರಿದರೆ ನೊಣ ಹತ್ತಿರ ಬರುವುದು ಕಡಿಮೆ. ಸೊಳ್ಳೆಪರದೆಯ ತುಂಡೊಂದನ್ನು ಪೆಟ್ಟಿಗೆಗೆ ಹೊದಿಸುವುದು ಎಲ್ಲಕ್ಕಿಂತ ಉತ್ತಮ.

ಈ ಹುಳುವಿನ ವಿಷಯ ಬಂದಾಗ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಅನೇಕ ವರ್ಷಗಳ ಹಿಂದೆ ನಮ್ಮ ಮನೆಯ ಹೇಂಟೆಯೊಂದನ್ನು ನಾಯಿ ಹಿಡಿಯಿತು. ಬೆನ್ನಿನ ಗಾಯ ನಾಲ್ಕು ದಿನದಲ್ಲಿ ಒಣಗಿದಂತೆ ಕಂಡಿತು, ಕೋಳಿ ಓಡಾಡತೊಡಗಿತು. ಆದರೆ ಮೊಟ್ಟೆ ನಿಂತಿತ್ತು. ಆ ವಾರವೇ ಪರಿಚಯದ ಬಡ ಕುಟುಂಬವೊಂದು ಸಾಕಲು ಹೇಂಟೆ ಬೇಕೆಂದು ಕೇಳಿತು. ನಾನು ಅದನ್ನೇ ಕೊಟ್ಟೆ, ಪೂರ್ತಿ ಬೆಲೆ ಪಡೆದೆ, ನಾಯಿ ಕಚ್ಚಿದ ಸಂಗತಿಯನ್ನು ಮಾತ್ರ ಹೇಳಲಿಲ್ಲ. 'ಗುಣವಾಗಿದೆಯಲ್ಲ, ಹೇಳುವುದೇನಿದೆ?' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಉಮ್ಮ ಅಂದೇ ಕೇಳಿದರು: "ಮೋನೇ, ಗಾಯದ ವಿಷಯ ಅವರಿಗೆ ಹೇಳಿದ್ದೀಯಾ?" ನಾನು ಉತ್ತರಿಸದೆ ಹೊರಗೆ ಹೋದೆ. ಐದನೆಯ ದಿನ ಕೋಳಿ ಸತ್ತಿತು. ರೆಕ್ಕೆಯಡಿಯಲ್ಲಿ ನಾನು ಒಮ್ಮೆಯೂ ಎತ್ತಿ ನೋಡದ ಎರಡನೆಯ ಗಾಯವಿತ್ತಂತೆ; ಅದರ ತುಂಬ ಹುಳು. ಆ ಮನೆಯಾಕೆ ಬಂದು ದೂರಲಿಲ್ಲ. 'ನಮ್ಮ ನಸೀಬು' ಎಂದಳಂತೆ. ಹಣ ಹಿಂದಿರುಗಿಸಲು ಹೋದಾಗ ಅವರ ಮುಂದೆ ತಲೆಯೆತ್ತಿ ನಿಲ್ಲಲು ನನ್ನಿಂದಾಗಲಿಲ್ಲ.

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಬೆರಳಿಗೆ ತಾಗಿಸಿಕೊಂಡು, ಇದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದನ್ನು ನಾನು ಹತ್ತಾರು ಸಲ ಓದಿದ್ದೆ. ಕೋಳಿಯ ಪುಕ್ಕವೂ ಧಾನ್ಯರಾಶಿಯ ಮೇಲ್ಪದರವಾಗಬಲ್ಲದೆಂದು ಅಂದು ಹೊಳೆಯಲಿಲ್ಲ. ಸಂತೆಗೆ ಹೋಗುವ ಕಾಯಿಲೆಯ ಕೋಳಿಗಳನ್ನು ನೋಡಿದಾಗಲೆಲ್ಲ ಈ ಘಟನೆ ನೆನಪಾಗುತ್ತದೆ.

ಹೊರಗಿನ ಗಾಯ ಮುಚ್ಚಿದ ಮೇಲೂ ಒಳಗಿನ ಪೆಟ್ಟು ಮುಗಿದಿರುವುದಿಲ್ಲ ಎಂಬುದೇ ಇಲ್ಲಿ ನಾವು ಕಲಿಯಬೇಕಾದ ವಿಷಯ. ಭಯಗೊಂಡ ಕೋಳಿಯ ದೇಹದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನು ಏರುತ್ತದೆ. ತಕ್ಷಣದ ಅಪಾಯದಿಂದ ಪಾರಾಗಲು ಅದು ಸಹಾಯಕ. ಆದರೆ ದಿನಗಟ್ಟಲೆ ಏರಿಯೇ ಉಳಿದರೆ ರೋಗ ತಡೆಯುವ ಬಿಳಿ ರಕ್ತಕಣಗಳ ಸಮತೋಲನ ತಪ್ಪುತ್ತದೆ. ರಕ್ತದಲ್ಲಿ ಈ ಕಣಗಳ ಅನುಪಾತವನ್ನು ಎಣಿಸಿ ಕೋಳಿಯ ಒತ್ತಡವನ್ನು ಅಳೆಯುವ ಕ್ರಮವನ್ನು ಅಮೆರಿಕದ ಗ್ರಾಸ್ ಮತ್ತು ಸೀಗೆಲ್ ಎಂಬ ವಿಜ್ಞಾನಿಗಳು 1983ರಲ್ಲಿ ವಿವರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ನಮಗೆ ಸೂಕ್ಷ್ಮದರ್ಶಕ ಬೇಕಾಗಿಲ್ಲ. ಆಕ್ರಮಣವಾಗಿ ಹತ್ತು ಹದಿನೈದು ದಿನಗಳ ಬಳಿಕ ಸೀನು, ಗೊರಗೊರ ಉಸಿರು, ರಕ್ತ ಬೆರೆತ ಹಿಕ್ಕೆ ಕಂಡರೆ, ಮೊದಲೇ ಒಳಗೆ ಅಡಗಿದ್ದ ರೋಗ ಸಮಯ ಸಾಧಿಸಿತೆಂದು ತಿಳಿಯಬೇಕು. ಕೊಕ್ಕರೆ ರೋಗದ ಲಸಿಕೆಯನ್ನು ಕೋಳಿ ಆರೋಗ್ಯವಾಗಿದ್ದಾಗಲೇ ಹಾಕಿಸಿಟ್ಟಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಮೊಟ್ಟೆಯ ವಿಷಯಕ್ಕೆ ಬರೋಣ, ಏಕೆಂದರೆ ಗಾಯಗೊಂಡ ಹೇಂಟೆಯ ಪ್ರಾಣ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಇದರ ಮೇಲೆಯೇ. 'ಒಂದು ತಿಂಗಳಾಯಿತು, ಮೊಟ್ಟೆಯಿಲ್ಲ, ಇನ್ನೇಕೆ ಇಟ್ಟುಕೊಳ್ಳಬೇಕು?' ಎನ್ನುತ್ತಾರೆ. ಒಂದು ಮೊಟ್ಟೆ ರೂಪುಗೊಳ್ಳಲು ಹೇಂಟೆಯ ಹೊಟ್ಟೆಯಲ್ಲಿ 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಈ ಹೊತ್ತಿನಲ್ಲಿ ಕೋಳಿ ಬೆದರಿದರೆ ಮೊಟ್ಟೆ ಒಳಗೇ ತಡೆಯಲ್ಪಡುತ್ತದೆ. ತಡವಾಗಿ ಹೊರಬಂದ ಮೊಟ್ಟೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಇರುತ್ತದೆ. ಕೆಲವೊಮ್ಮೆ ಹಿಂದಿನ ಮೊಟ್ಟೆಗೆ ಮುಂದಿನದು ತಾಗಿ ಒಂದು ಬದಿ ಚಪ್ಪಟೆಯಾಗುತ್ತದೆ. ಚಿಪ್ಪೇ ಇಲ್ಲದ, ಬರೀ ಪೊರೆಯ ಮೊಟ್ಟೆಯೂ ಬೀಳಬಹುದು. ಇದಕ್ಕೆ ಕಣ್ಣೇಸರವೂ ಅಲ್ಲ, ಯಾರ ಮಾಟವೂ ಅಲ್ಲ. ದಯವಿಟ್ಟು ನೆರೆಮನೆಯವರ ಮೇಲೆ ಸಂಶಯ ಪಡಬೇಡಿ.

ಭಯ ಮತ್ತು ನೋವು ಮುಂದುವರಿದರೆ ಅಂಡಾಶಯದಲ್ಲಿ ಬೆಳೆಯುತ್ತಿದ್ದ ಹಳದಿಗಳನ್ನು ದೇಹವೇ ಹೀರಿಕೊಳ್ಳುತ್ತದೆ. ಅದರಲ್ಲಿದ್ದ ಶಕ್ತಿ ಗಾಯ ಮಾಯಲು ಹೋಗುತ್ತದೆ. ಹೊಸ ಹಳದಿ ಬೆಳೆದು ಸಿದ್ಧವಾಗಲು ಹತ್ತು ದಿನಗಳಾದರೂ ಬೇಕು. ಆದ್ದರಿಂದ ಪೂರ್ತಿ ಗುಣವಾದ ಕೋಳಿಯೂ ಮರುದಿನವೇ ಮೊಟ್ಟೆಯಿಡುವುದಿಲ್ಲ. ಇದರ ಜೊತೆಗೆ ಪುಕ್ಕ ಉದುರಿದ್ದರೆ ಇನ್ನೂ ತಡ. ಪುಕ್ಕವೆಂದರೆ ಬಹುತೇಕ ಪ್ರೋಟೀನೇ. ಹೊಸ ಪುಕ್ಕವೂ ಮೊಟ್ಟೆಯೂ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳಬೇಕು. ದೇಹವು ಮೊದಲು ಪುಕ್ಕಕ್ಕೆ ಬಡಿಸುತ್ತದೆ. ಹೊಸದಾಗಿ ಮೂಡುವ ಮುಳ್ಳಿನಂತಹ ಪುಕ್ಕದೊಳಗೆ ರಕ್ತವಿರುತ್ತದೆ, ಮುಟ್ಟಿದರೆ ನೋಯುತ್ತದೆ. ಆ ದಿನಗಳಲ್ಲಿ ಕೋಳಿ ಹಿಡಿಯಲು ಬಿಡದಿದ್ದರೆ ಅದರ ಮೇಲೆ ಸಿಟ್ಟಾಗಬೇಡಿ.

ಹೇಂಟೆ ಮತ್ತೆ ಮೊಟ್ಟೆಗೆ ಸಿದ್ಧವಾಗುತ್ತಿದೆಯೇ ಎಂಬುದನ್ನು ಜುಟ್ಟು ಹೇಳುತ್ತದೆ. ಮೊಟ್ಟೆ ನಿಂತಾಗ ಅದು ಕುಗ್ಗಿ, ಬಿಳಿಚಿ, ಒಣಗಿದ ಹಾಗೆ ಕಾಣುತ್ತದೆ. ಅಂಡಾಶಯ ಮತ್ತೆ ಕೆಲಸ ಆರಂಭಿಸಿದಾಗ ಜುಟ್ಟು ಕೆಂಪಾಗಿ, ಮೆತ್ತಗೆ, ದೊಡ್ಡದಾಗುತ್ತದೆ. ನೇರಳೆ ಅಥವಾ ನೀಲಿ ಛಾಯೆ ಬಂದರೆ ಮಾತ್ರ ಉಸಿರಾಟ ಅಥವಾ ರಕ್ತಸಂಚಾರದಲ್ಲಿ ತೊಂದರೆಯಿದೆ. ಹಿಕ್ಕೆಯೂ ಮಾತನಾಡುತ್ತದೆ. ಕಂದು ಹಿಕ್ಕೆಯ ಮೇಲೆ ಬಿಳಿ ಟೋಪಿಯಿದ್ದರೆ ಸರಿ. ಬರೀ ಹಸಿರು ನೀರಾದರೆ ಕೋಳಿ ಏನೂ ತಿನ್ನುತ್ತಿಲ್ಲ, ಪಿತ್ತ ಮಾತ್ರ ಇಳಿಯುತ್ತಿದೆ. ಕಾವಿಗೆ ಕೂತ ಹೇಂಟೆಯನ್ನು ಕಾಯಿಲೆಯೆಂದು ತಪ್ಪಾಗಿ ತಿಳಿಯುವುದೂ ಇದೆ. ಅದೂ ಪುಕ್ಕ ಕೆದರಿ ಕೂರುತ್ತದೆ, ಕಡಿಮೆ ತಿನ್ನುತ್ತದೆ. ಆದರೆ ಕೈ ಚಾಚಿದರೆ ಗುರುಗುಟ್ಟುತ್ತದೆ, ಕಣ್ಣು ಚುರುಕಾಗಿರುತ್ತದೆ. ಹೊಟ್ಟೆ ಊದಿಕೊಂಡು ಮೈಯನ್ನು ನೆಟ್ಟಗೆ ನಿಲ್ಲಿಸಿ ನಡೆಯುವ ಹೇಂಟೆಯದು ಬೇರೆಯೇ ಕತೆ. ಹಳದಿಯು ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೊಳೆತಿರಬಹುದು. ಅದಕ್ಕೆ ಮನೆಮದ್ದಿಲ್ಲ.

ಆಹಾರದಲ್ಲಿ ಹೆಚ್ಚಿನ ಖರ್ಚಿಲ್ಲ. ಬೇಯಿಸಿದ ಮೊಟ್ಟೆ, ನೆನೆಸಿದ ಕಡಲೆ ಅರೆದದ್ದು, ಗೆದ್ದಲು, ಮೀನಿನ ತಲೆ ಬೇಯಿಸಿದ್ದು ಒಳ್ಳೆಯದು. ಉಪ್ಪುಮೀನನ್ನು ಹಾಗೆಯೇ ಕೊಡಬೇಡಿ. ಉಪ್ಪು ಹೆಚ್ಚಾದರೆ ಕೋಳಿಗೆ ವಿಷ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಿಗದಿದ್ದರೆ ಕೋಳಿಯು ಅದನ್ನು ತನ್ನ ಎಲುಬಿನಿಂದಲೇ ತೆಗೆಯುತ್ತದೆ. ಸಣ್ಣ ಪೆಟ್ಟಿಗೇ ಕಾಲು ಮುರಿಯುವುದು ಅದರಿಂದ. ಕರಾವಳಿಯವರಿಗೆ ಮರುವಾಯಿ ಚಿಪ್ಪು ಧಾರಾಳ ಸಿಗುತ್ತದೆ. ತೊಳೆದು, ಒಣಗಿಸಿ, ಕುಟ್ಟಿ ಬೇರೆ ತಟ್ಟೆಯಲ್ಲಿಡಿ. ಕಾಲಿನ ಎಲುಬು ಸರಿಯಾಗಿ ಕಟ್ಟಿದರೆ ಸುಮಾರು ಮೂರು ವಾರದಲ್ಲಿ ಕೂಡುತ್ತದೆ.

ಈಗ ಧರ್ಮಶಾಸ್ತ್ರದ ಪ್ರಶ್ನೆ. ಕಾಡುಮೃಗ ಕಚ್ಚಿದ್ದನ್ನು, ಪೆಟ್ಟು ತಿಂದದ್ದನ್ನು, ಎತ್ತರದಿಂದ ಬಿದ್ದದ್ದನ್ನು ತಿನ್ನುವುದನ್ನು ಸೂರಃ ಅಲ್‌ಮಾಇದಃದ ಮೂರನೆಯ ಸೂಕ್ತದಲ್ಲಿ ನಿಷೇಧಿಸಲಾಗಿದೆ. ಜೀವವಿರುವಾಗಲೇ ಝಬಹ್ ಮಾಡಿದ್ದು ಅದಕ್ಕೆ ಹೊರತು. ಕಅಬ್ ಬಿನ್ ಮಾಲಿಕ್(ರ)ರ ದಾಸಿಯೊಬ್ಬಳು ಮದೀನದ ಸಲ್ಅ್ ಬೆಟ್ಟದ ಬಳಿ ಕುರಿ ಮೇಯಿಸುತ್ತಿದ್ದಾಗ ಒಂದು ಕುರಿ ಸಾಯುವ ಸ್ಥಿತಿಗೆ ಬಂದುದನ್ನು ಕಂಡು, ಕಲ್ಲೊಂದನ್ನು ಒಡೆದು ಅದರ ಹರಿತವಾದ ಅಂಚಿನಿಂದ ಝಬಹ್ ಮಾಡಿದಳು. ಪ್ರವಾದಿವರ್ಯರು(ಸ) ಅದನ್ನು ತಿನ್ನಲು ಅನುಮತಿಸಿದರು. ಜೀವವಿದೆಯೆನ್ನಲು ಯಾವ ಚಿಹ್ನೆ ಸಾಕೆಂಬುದರಲ್ಲಿ ಮದ್‌ಹಬ್‌ಗಳ ನಡುವೆ ಸೂಕ್ಷ್ಮ ಭಿನ್ನತೆಗಳಿವೆ. ಅದನ್ನು ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿ ತಿಳಿದಿರಿ, ಮುಂಗುಸಿ ಬಂದ ರಾತ್ರಿಯಲ್ಲ, ಇಂದೇ. ಮುಂಗುಸಿ ಹರಿದು ಬೇರ್ಪಡಿಸಿದ ಕಾಲು ಅಥವಾ ರೆಕ್ಕೆಯಂತೂ ಶವಕ್ಕೆ ಸಮಾನ. ಜೀವಂತ ಪ್ರಾಣಿಯಿಂದ ಕತ್ತರಿಸಿದ ಭಾಗದ ಬಗ್ಗೆ ಹದೀಸ್ ಇದೆ.

ಬದುಕುವ ಭರವಸೆಯಿಲ್ಲದೆ ನರಳುವ ಕೋಳಿಯನ್ನು ಹಾಗೆಯೇ ಬಿಡುವುದು ದಯೆಯಲ್ಲ. ಹರಿತವಾದ ಚೂರಿಯಿಂದ, ಅಲ್ಲಾಹನ ನಾಮದೊಂದಿಗೆ ಬೇಗನೆ ಮುಗಿಸುವುದೇ ದಯೆ. ಪ್ರಾಣಿಯನ್ನು ಮಲಗಿಸಿ ಅದರ ಕಣ್ಣೆದುರು ಚೂರಿ ಮಸೆಯುತ್ತಿದ್ದವನನ್ನು, ಇದನ್ನು ಎರಡು ಸಲ ಸಾಯಿಸಬೇಕೆಂದಿರುವೆಯಾ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಪ್ರಶ್ನಿಸಿದ್ದರು. ಸಾವಿಗಿಂತ ಮುಂಚಿನ ಭಯವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರೆಂಬುದನ್ನು ಗಮನಿಸಿ. ಅನ್ಸಾರಿಯೊಬ್ಬರ ತೋಟದಲ್ಲಿ ಕಣ್ಣೀರು ಸುರಿಸುತ್ತಿದ್ದ ಒಂಟೆಯ ಬಳಿಗೆ ಹೋಗಿ ಮೊದಲು ಅದರ ಕಿವಿಯ ಹಿಂಬದಿಯನ್ನು ಸವರಿ ಶಾಂತಗೊಳಿಸಿದ್ದೂ, ಬಳಿಕ ಒಡೆಯನನ್ನು ಕರೆಸಿ ಹಸಿವು ಮತ್ತು ದಣಿವಿನ ಬಗ್ಗೆ ವಿಚಾರಿಸಿದ್ದೂ ಅವರೇ.

ಮೊಟ್ಟೆಯಿಡದ ಆರೋಗ್ಯವಂತ ಕೋಳಿಯನ್ನು ಕೊಯ್ದು ತಿನ್ನುವುದು ನಿಮ್ಮ ಹಕ್ಕು, ಅದರಲ್ಲಿ ದೋಷವಿಲ್ಲ. ಹಝ್ರತ್ ಅಬೂ ಮೂಸಾ ಅಶ್‌ಅರೀ(ರ) ಪ್ರವಾದಿವರ್ಯರು(ಸ) ಕೋಳಿ ಮಾಂಸ ತಿನ್ನುವುದನ್ನು ಕಂಡಿದ್ದರು. ಆದರೆ ಇಟ್ಟುಕೊಂಡಿರುವಷ್ಟು ದಿನ ಅದರ ಮೇವು ನೀರು ನಿಮ್ಮ ಹೊಣೆ. ಸಾಕಲಾಗದಿದ್ದರೆ ಮಾರಬೇಕು, ಅಥವಾ ತಿನ್ನಬಹುದಾದುದನ್ನು ಝಬಹ್ ಮಾಡಬೇಕು. ಹಸಿವಿನಲ್ಲಿ ಬಿಡುವಂತಿಲ್ಲವೆಂದು ಕರ್ಮಶಾಸ್ತ್ರ ಗ್ರಂಥಗಳಲ್ಲಿದೆ. ಮದ್ದು ಕೊಟ್ಟಿರುವಾಗ ಇನ್ನೊಂದು ಎಚ್ಚರಿಕೆ ಬೇಕು. ಆಂಟಿಬಯೊಟಿಕ್ ಔಷಧಿ ಮಾಂಸಕ್ಕೂ ಮೊಟ್ಟೆಗೂ ಇಳಿಯುತ್ತದೆ. ಎಷ್ಟು ದಿನ ತಿನ್ನಬಾರದೆಂದು ವೈದ್ಯರನ್ನು ಕೇಳಿ, ಅಷ್ಟು ದಿನ ಮಕ್ಕಳಿಗೂ ಕೊಡಬೇಡಿ, ನೆರೆಮನೆಗೂ ಮಾರಬೇಡಿ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿಗಳಿಗೆ ಬಳಸದಂತೆ ಭಾರತ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತು. ಅಂಗಡಿಯವನು ಕೊಟ್ಟ ಯಾವುದೋ ಪುಡಿಯನ್ನು ನೀರಿಗೆ ಬೆರೆಸಬೇಡಿ. ಗಾಯವಿಲ್ಲದೆ ಒಂದರ ಹಿಂದೆ ಒಂದು ಕೋಳಿ ಸತ್ತರೆ ಕೊಯ್ಯಲು ಹೊರಡದೆ ಪಶು ಆಸ್ಪತ್ರೆಗೆ ತಿಳಿಸಿ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಂಡದ್ದು ನೆನಪಿರಬಹುದು. ಗಾಯದ ಕೋಳಿಯನ್ನು ಮುಟ್ಟಿದ ಕೈಯನ್ನಂತೂ ಪ್ರತಿ ಸಲವೂ ಸಾಬೂನು ಹಚ್ಚಿ ತೊಳೆಯಬೇಕು.

ಕೋಳಿ ಅಂಕದ ವಿಷಯವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಬಿಡುತ್ತೇನೆ. ಅಂಕದಿಂದ ತಂದ ಹುಂಜದ ಸೀಳುಗಾಯಕ್ಕೆ ಹೊಲಿಗೆ ಹಾಕಿ ಮತ್ತೆ ಅಂಕಕ್ಕೇ ಒಯ್ಯುವುದಕ್ಕೆ ಶುಶ್ರೂಷೆಯೆಂಬ ಹೆಸರಿಲ್ಲ. ಪ್ರಾಣಿಗಳನ್ನು ಪರಸ್ಪರ ಛೂ ಬಿಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ ವರದಿ ಅಬೂದಾವೂದ್‌ನಲ್ಲಿದೆ. ದೇಶದ 1960ರ ಕಾನೂನಿನಲ್ಲೂ ಅದು ಅಪರಾಧ. ನಮ್ಮ ಯುವಕರು ಬಾಜಿ ಕಟ್ಟಲು ಅಲ್ಲಿ ಸೇರುವುದನ್ನು ಕಾಣುವಾಗ ಬೇಸರವಾಗುತ್ತದೆ.

ಗುಣವಾದ ಹೇಂಟೆಯನ್ನು ಗುಂಪಿಗೆ ಸೇರಿಸುವುದರಲ್ಲಿ ಆತುರ ಪಡಬೇಡಿ. ಕೋಳಿಗಳಿಗೆ ರಕ್ತದ ಕೆಂಪು ಕಂಡರೆ ಕುಕ್ಕುವ ಹುಚ್ಚು. ಗಾಯದ ಮೇಲೆ ಚರ್ಮ ಪೂರ್ತಿ ಮುಚ್ಚದೆ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಉಳಿದವು ಅದನ್ನು ಕುಕ್ಕಿ ಕೊಂದಾವು. ಹಾಗೆಂದು ತಿಂಗಳುಗಟ್ಟಲೆ ಒಂಟಿಯಾಗಿಟ್ಟರೂ ಅದು ಸೊರಗುತ್ತದೆ, ಗುಂಪಿನಲ್ಲಿ ಅದರ ಸ್ಥಾನವೂ ಹೋಗುತ್ತದೆ. ಬಲೆಯ ಒಂದು ಬದಿಯಲ್ಲಿ ಅದು, ಇನ್ನೊಂದು ಬದಿಯಲ್ಲಿ ಉಳಿದವು, ಪರಸ್ಪರ ಕಾಣುವಂತೆ ಕೆಲವು ದಿನ ಇಡಿ. ಬಳಿಕ ಒಂದು ದಿನ ಮಗ್ರಿಬ್ ಕಳೆದು ಕತ್ತಲಾದ ಮೇಲೆ ಮೆಲ್ಲಗೆ ಎತ್ತಿ ಗೂಡಿನ ಕೋಲಿನ ಮೇಲೆ ಉಳಿದವುಗಳ ನಡುವೆ ಕೂರಿಸಿ. ಕತ್ತಲೆಯಲ್ಲಿ ಕೋಳಿಗಳು ಜಗಳವಾಡುವುದಿಲ್ಲ. ಬೆಳಿಗ್ಗೆ ಸುಬುಹ್ ನಮಾಝ್ ಮುಗಿಸಿ ಗೂಡು ತೆರೆಯುವಾಗ ಒಂದರ್ಧ ಗಂಟೆ ಅಲ್ಲೇ ನಿಂತು ನೋಡಿ, ನುಚ್ಚನ್ನು ಒಂದೇ ಕಡೆ ಸುರಿಯದೆ ಮೂರು ನಾಲ್ಕು ಕಡೆ ಚೆಲ್ಲಿ. ಒಂದೆರಡು ಕುಕ್ಕು ಬಿದ್ದೇ ಬೀಳುತ್ತದೆ. ರಕ್ತ ಬಂದರೆ ಮಾತ್ರ ಮತ್ತೆ ಬೇರ್ಪಡಿಸಿ. ಆಮೇಲೆ ಬರುವ ಮೊದಲ ಒಂದೆರಡು ಮೊಟ್ಟೆಗಳು ಚಿಕ್ಕದಾಗಿ, ತೆಳು ಚಿಪ್ಪಿನದಾಗಿ, ಬಣ್ಣ ಮಾಸಿದ್ದಾಗಿರಬಹುದು. ಅವನ್ನು ಕಾವಿಗಿಡದೆ, ಔಷಧಿಯ ದಿನಗಳು ಕಳೆದಿದ್ದರೆ, ಬೇರೆ ಬಟ್ಟಲಿಗೆ ಒಡೆದು ನೋಡಿ ಅಡುಗೆಗೆ ಬಳಸಿ.